ಲಿವರಿಗೆ ಕಟ್ಟಿದ ಟ್ಯೂಬು

ಆ ಮನೆಯಲ್ಲಿ ಜಗಳ ಹತ್ತಿಕೊಳ್ಳಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಉಪ್ಪು ಹೆಚ್ಚಾದರೂ ಸಾಕು, ಕಡಿಮೆಯಾದರೂ ಸಾಕು. ಆ ಸಲ ಮಾತ್ರ ಕಾರಣ ಅಡುಗೆಮನೆಯಲ್ಲಿರಲಿಲ್ಲ, ಹಿತ್ತಿಲ ಶೆಡ್ಡಿನಲ್ಲಿತ್ತು. ಹಳೇ ರಟ್ಟಿನ ಪೆಟ್ಟಿಗೆಗಳನ್ನು ಅದುಮಿ ಬೇಲು ಕಟ್ಟುವ ಪ್ರೆಸ್ಸು ಹದಿನೈದು ದಿನದಿಂದ ಮೊಂಡು ಹಿಡಿದಿತ್ತು. ಮೇಲಿನಿಂದ ಇಳಿಯುವ ಉಕ್ಕಿನ ಹಲಗೆ ರಟ್ಟನ್ನು ಅದುಮಿ ಹಿಡಿದುಕೊಳ್ಳಬೇಕು. ಹಿಡಿದುಕೊಂಡಾಗ ಹಲಗೆಯ ಸೀಳುಗಂಡಿಗಳೊಳಗೆ ಕೈ ತೂರಿಸಿ ನಾಲ್ಕು ತಂತಿ ಸುತ್ತಿ ಬಿಗಿದುಬಿಟ್ಟರೆ, ಆಳೆತ್ತರದ ರಾಶಿ ಸೊಂಟದೆತ್ತರದ ಬೇಲಾಗುತ್ತದೆ. ಈಗ ಹಲಗೆ ಅದುಮುತ್ತಿತ್ತು, ಆದರೆ ಹಿಡಿಯುತ್ತಿರಲಿಲ್ಲ. ತಂತಿ ಸುತ್ತುವಷ್ಟರಲ್ಲಿ ರಟ್ಟು ಮೈಮುರಿದು ಎದ್ದು, ಹಲಗೆಯನ್ನೇ ಗೇಣುದ್ದ ಮೇಲಕ್ಕೆ ತಳ್ಳುತ್ತಿತ್ತು.

ತಂತಿ ಸುತ್ತುವವಳು ಮನೆಯೊಡತಿ. ಹಳೇ ರಟ್ಟು ತಂದು ಹಾಕುವ ಗಾಡಿಯವರೆಲ್ಲ ಅವಳನ್ನು ತಂತಿಯಮ್ಮ ಎಂದೇ ಕರೆಯುತ್ತಿದ್ದರು. ಮೊದಮೊದಲು ಅವಳಿಗೆ ಸಿಟ್ಟು ಬರುತ್ತಿತ್ತು, ಆಮೇಲೆ ಅಭ್ಯಾಸವಾಯಿತು, ಈಗ ಯಾರಾದರೂ ಬೇರೆ ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಲೂ ಇರಲಿಲ್ಲ.

"ಇವತ್ತು ಎಷ್ಟು ಬೇಲು?" ಊಟಕ್ಕೆ ಕೂತ ಯಜಮಾನರು ಕೇಳಿದರು. ಅವರದು ಬೀದಿ ಕಡೆಯ ಕೆಲಸ. ತಕ್ಕಡಿಯ ಪಕ್ಕ ಕುರ್ಚಿ ಹಾಕಿಕೊಂಡು ರಟ್ಟು ತೂಗಿಸಿಕೊಳ್ಳುವುದು, ಬಂದವರ ಜತೆ ಲೋಕಾಭಿರಾಮ ಮಾತಾಡುವುದು.

"ಎರಡು."

"ಎರಡೇ? ಬೆಳಗಿಂದ ಏನು ಮಾಡ್ತಿದ್ದೆ?"

"ಕೂತು ಹಾಡು ಹೇಳ್ತಿದ್ದೆ. ಹಲಗೆ ನಿಲ್ತಾ ಇಲ್ಲ ಅಂತ ಹೋದ ವಾರದಿಂದ ಬಡ್ಕೊಳ್ತಿದೀನಿ. ಯಾರ ಕಿವಿಗಾದರೂ ಬಿತ್ತಾ?"

"ನನ್ನ ಕಿವಿಗೆ ಬಿತ್ತು," ಎಂದಿತು ಮೂಲೆಯ ಮಂಚದ ಮೇಲಿಂದ ಯಜಮಾನರ ತಾಯಿ, ಮನೆಯ ಅಜ್ಜಿ. "ನನ್ನ ಕಿವಿಗೆ ಬಿದ್ದು ಏನು ಬಂತು? ನಾನೇನು ಹೋಗಿ ರಿಪೇರಿ ಮಾಡ್ತೀನಾ?"

ಮರುದಿನ ಮೆಕ್ಯಾನಿಕ್ ಬಂದ. ಮೈಕೈಗೆಲ್ಲ ಸದಾ ಗ್ರೀಸು ಬಳಿದುಕೊಂಡಿರುತ್ತಿದ್ದ ಅವನಿಗೆ ಎಣ್ಣೆರಾಯ ಎಂದು ಹೆಸರಿಟ್ಟದ್ದು ಅಜ್ಜಿಯೇ. ಅವನು ಹಲಗೆ ಏರಿಸಿ ಇಳಿಸುವ ಹಿಡಿಕೆಯನ್ನು, ಆ ಲಿವರನ್ನು, ಹಿಡಿದು ಆಚೀಚೆ ಎಳೆದ, ಪೈಪಿಗೆ ಕಿವಿಯಿಟ್ಟ, ನಾಲಿಗೆ ಲೊಚಗುಟ್ಟಿದ. "ಪಂಪು ಗಟ್ಟಿಮುಟ್ಟಾಗಿದೆ. ವಾಲ್ವು ಸವೆದುಹೋಗಿದೆ. ಹಲಗೆ ತಳ್ಳೋ ಎಣ್ಣೆ ಹೋಗಬೇಕಾದ ದಾರಿ ಬಿಟ್ಟು ಸಂದಿಯಲ್ಲಿ ನುಸುಳ್ತಾ ಇದೆ. ಬದಲಾಯಿಸಿಬಿಡಿ. ನನ್ನ ಹತ್ತಿರ ಮಣ್ಣು ತೋಡೋ ಮೆಷಿನಿಂದ ಬಿಚ್ಚಿದ್ದು ಒಂದು ಬಿದ್ದಿದೆ, ಹಾಕ್ತೀನಿ."

ಯಜಮಾನರಿಗೆ ಈ ಮಾತು ಹಿಡಿಸಿತು. ಆದರೆ ಅವತ್ತು ರಾತ್ರಿ ಊಟದ ಹೊತ್ತಿಗೆ ಕೆಲಸದಿಂದ ಬಂದ ಸೊಸೆ, ಈ ಮಾತು ಕಿವಿಗೆ ಬಿದ್ದದ್ದೇ, ಚೀಲ ಕೆಳಗಿಡುವ ಮೊದಲೇ, "ಬೇಡ ಮಾವ," ಅಂದಳು. ಮದುವೆಯಾಗಿ ಬಂದು ಎಂಟು ತಿಂಗಳಾಗಿತ್ತು. ಅವಳು ಕೆಲಸ ಮಾಡುತ್ತಿದ್ದುದೇ ಇಂಥ ಸಾಮಾನಿನ ಅಂಗಡಿಯಲ್ಲಿ. ದಿನಕ್ಕೆ ಇಪ್ಪತ್ತು ಜನ ಬಂದು ಪಂಪು, ಪೈಪು, ವಾಲ್ವು ಕೇಳುತ್ತಿದ್ದರು. ಯಾವ ಯಂತ್ರಕ್ಕೆ ಯಾವುದು ಒಪ್ಪುತ್ತದೆಂದು ಕೇಳಿ ಕೇಳಿ ಬರೆದುಕೊಳ್ಳುವುದು ಅವಳ ಕೆಲಸ.

"ಯಾಕೆ ಬೇಡ?"

"ಒಬ್ಬರ ಕನ್ನಡಕ ಇನ್ನೊಬ್ಬರಿಗೆ ಹಾಕಿದ ಹಾಗಾಗುತ್ತೆ. ಅದರ ಅಳತೆ ಬೇರೆ, ಒಳಗಿನ ದಾರಿ ಬೇರೆ. ನಮ್ಮ ಅಂಗಡಿಯಲ್ಲಿ ನಾನೇ ನೋಡಿ ಆರಿಸ್ತೀನಿ."

"ನಾನು ಈ ಪ್ರೆಸ್ಸು ತಂದಾಗ ನೀನಿನ್ನೂ ಶಾಲೆಯಲ್ಲಿ ಮಗ್ಗಿ ಒಪ್ಪಿಸ್ತಿದ್ದೆ."

"ಹೌದು ಮಾವ. ಈಗ ಮಗ್ಗಿ ಬರುತ್ತೆ."

ಮಗ ನಗು ತಡೆಯಲಾರದೆ ಕೆಮ್ಮಿದ. ಅವನು ಬೆಳಗಾಗೆದ್ದು ವ್ಯಾನು ತೆಗೆದುಕೊಂಡು ಅಂಗಡಿ ಅಂಗಡಿಗೆ ಹೋಗಿ ರಟ್ಟು ತುಂಬಿ ತರುವವ. ಅಪ್ಪನೆದುರು ನಗುವ ಧೈರ್ಯ ಅವನಿಗೆ ಕೆಮ್ಮಿನ ರೂಪದಲ್ಲೇ ಬರುತ್ತಿತ್ತು. ಅಜ್ಜಿ ಮಾತ್ರ ಬಾಯ್ತುಂಬ ನಕ್ಕಿತು. "ಸರಿಯಾದವಳೇ ಸಿಕ್ಕಿದಾಳೆ ಬಿಡು!" ಯಜಮಾನರು ಹುರುಳಿಕಾಯಿಯನ್ನು ತಟ್ಟೆಯಂಚಿಗೆ ತಳ್ಳಿ, "ಏನಾದರೂ ಮಾಡ್ಕೊಳ್ಳಿ," ಅಂದರು. ಆ ಮನೆಯಲ್ಲಿ ಒಪ್ಪಿಗೆಯೆಂದರೆ ಅಷ್ಟೇ.

ಎರಡು ದಿನ ಬಿಟ್ಟು ಸೊಸೆ ಅಂಗಡಿಯ ಫಾರಮ್ಮು ತಂದು ಊಟದ ಮೇಜಿನ ಮೇಲೆ ಹರಡಿದಳು. ಪಂಪು ನಿಮಿಷಕ್ಕೆ ಎಷ್ಟು ಲೀಟರು ಎಣ್ಣೆ ತಳ್ಳುತ್ತದೆ, ಒತ್ತಡ ಎಷ್ಟು, ಪೈಪು ಎಷ್ಟು ದಪ್ಪ, ಒಂದೊಂದಾಗಿ ಕೇಳಿದಳು. ಯಜಮಾನರು ಗೊತ್ತಿದ್ದಕ್ಕೂ ಗೊತ್ತಿಲ್ಲದ್ದಕ್ಕೂ ಒಂದೇ ಗತ್ತಿನಲ್ಲಿ ಉತ್ತರ ಕೊಟ್ಟರು.

"ಈಗ ಮುಖ್ಯವಾದ್ದು," ಅಂದಳು ಸೊಸೆ. "ಲಿವರು ಕೆಳಗೆ ಒತ್ತಿದರೆ ಎಣ್ಣೆ ಒಂದು ದಾರಿ ಹಿಡಿದು ಹಲಗೆ ಇಳಿಸುತ್ತೆ. ಮೇಲೆತ್ತಿದರೆ ಇನ್ನೊಂದು ದಾರಿಯಲ್ಲಿ ಹೋಗಿ ಹಲಗೆ ಏರಿಸುತ್ತೆ. ನಡುವೆ ಇದ್ದರೆ ಎರಡು ದಾರಿನೂ ಬಂದ್, ಹಲಗೆ ನಿಂತಲ್ಲೇ ನಿಲ್ಲುತ್ತೆ. ಸರೀನಾ? ಇದರಲ್ಲಿ ಎರಡು ಜಾತಿ. ಒಂದಕ್ಕೆ ಸ್ಪ್ರಿಂಗ್ ಇರುತ್ತೆ, ಕೈ ಬಿಟ್ಟ ತಕ್ಷಣ ಲಿವರು ತಾನಾಗಿ ನಡುವಿಗೆ ಬರುತ್ತೆ. ಇನ್ನೊಂದು ಹಾಕಿದ ಕಡೆ ಕಚ್ಚಿಕೊಂಡು ನಿಲ್ಲುತ್ತೆ, ನಾವಾಗಿ ಎಳೆಯೋವರೆಗೂ ಬರಲ್ಲ. ನಮ್ಮ ಹಳೇದು ಯಾವುದು?"

"ಹಾಕಿದ ಕಡೆ ನಿಲ್ಲುತ್ತೆ," ಅಂದರು ಯಜಮಾನರು.

"ಹೌದು, ಅಲ್ಲೇ ನಿಲ್ಲುತ್ತೆ," ಅಂದ ಮಗ.

ಒಲೆಯ ಮುಂದೆ ಆಲೂಗಡ್ಡೆ ಹುರಿಯುತ್ತಿದ್ದ ತಂತಿಯಮ್ಮನ ಕೈಯಲ್ಲಿ ಸೌಟು ನಿಂತಿತು. ಗಂಡಸರಿಬ್ಬರೂ ಸುಳ್ಳು ಹೇಳುತ್ತಿರಲಿಲ್ಲ, ಪಾಪ. ಅವರಿಗೆ ಗೊತ್ತಿದ್ದದ್ದೇ ಅಷ್ಟು.

ನಿಜ ಸಂಗತಿ ಇಷ್ಟು. ಹನ್ನೊಂದು ವರ್ಷದ ಹಿಂದೆ ಪ್ರೆಸ್ಸು ಕೂರಿಸಿ ಹೋದ ಕುಳ್ಳನೆಯ ಮನುಷ್ಯ ಅವಳನ್ನು ಹತ್ತಿರ ಕರೆದು, "ನೋಡಮ್ಮಾ, ಕೈ ಬಿಟ್ಟರೆ ಇದು ತಾನಾಗಿ ನಡುವಿಗೆ ಬರುತ್ತೆ. ನಿಮ್ಮ ಒಳ್ಳೇದಕ್ಕೇ ಹೀಗಿಟ್ಟಿರೋದು. ಇದನ್ನ ಮಾತ್ರ ಯಾವತ್ತೂ ಕಟ್ಟಿಹಾಕಬೇಡಿ," ಎಂದು ಕೈಮುಗಿದು ಹೇಳಿದ್ದ. ಮೊದಲೆರಡು ವರ್ಷ ಯಾರೂ ಕಟ್ಟಲಿಲ್ಲ. ಮಗಳು ಲಿವರು ಒತ್ತಿ ಹಿಡಿಯುತ್ತಿದ್ದಳು, ತಾಯಿ ತಂತಿ ಸುತ್ತುತ್ತಿದ್ದಳು. ಮಗಳು ಮದುವೆಯಾಗಿ ಹೋದಳು. ಲಿವರು ಹಿಡಿಯಲು ಯಾರಾದರೂ ಬೇಕು ಅಂದರೆ ಯಜಮಾನರು, "ಮುಂದುಗಡೆ ತಕ್ಕಡಿ ಬಿಟ್ಟು ಬರೋಕಾಗುತ್ತಾ?" ಅಂದರು. ಲಿವರು ಬಿಟ್ಟರೆ ವಾಲ್ವಿನ ಸಂದಿಯಲ್ಲಿ ಎಣ್ಣೆ ಚೂರುಚೂರೇ ಜಾರಿ, ರಟ್ಟು ಮೆಲ್ಲಗೆ ಹಲಗೆಯನ್ನು ಎತ್ತಿಬಿಡುತ್ತಿತ್ತು. ಇರುವುದು ಎರಡು ಕೈ. ತಂತಿಯಮ್ಮ ಒಂದು ದಿನ ಹಳೇ ಸೈಕಲ್ ಟ್ಯೂಬಿನಿಂದ ಒಂದು ಬಳೆ ಕತ್ತರಿಸಿದಳು. ಲಿವರು ಕೆಳಕ್ಕೊತ್ತಿ ಅದನ್ನು ಕೆಳಗಿನ ಕೊಕ್ಕೆಗೆ ಸಿಕ್ಕಿಸಿದಳು. ಹಲಗೆ ಒತ್ತುತ್ತಲೇ ಇತ್ತು, ಅವಳು ಹಾಯಾಗಿ ಎರಡೂ ಕೈಯಿಂದ ತಂತಿ ಬಿಗಿದಳು. ಅಂದಿನಿಂದ ಟ್ಯೂಬು ಅಲ್ಲಿಯೇ ಇತ್ತು. ಮಗ ಹುಡುಗನಾಗಿದ್ದಾಗಿನಿಂದ ನೋಡಿ ನೋಡಿ, ಅದೂ ಪ್ರೆಸ್ಸಿನ ಜತೆಗೇ ಬಂದ ಭಾಗ ಎಂದುಕೊಂಡಿದ್ದ. ಎಣ್ಣೆರಾಯ ಬರುವ ದಿನ ಮಾತ್ರ ತಂತಿಯಮ್ಮ ಅದನ್ನು ಬಿಚ್ಚಿ ಬಟ್ಟೆ ಒಣಹಾಕುವ ಕ್ಲಿಪ್ಪಿನ ಡಬ್ಬಿಯಲ್ಲಿ ಹಾಕಿಡುತ್ತಿದ್ದಳು. ಬೈಗುಳ ಯಾರಿಗೆ ಬೇಕು?

ಈಗ ಬಾಯಿಬಿಟ್ಟರೆ, ವಾಲ್ವು ಕೆಡಿಸಿದವಳು ಇವಳೇ ಎಂದಾಗುತ್ತದೆ. ಯಜಮಾನರ ಸ್ವಭಾವ ಅವಳಿಗೆ ಗೊತ್ತಿರಲಿಲ್ಲವೇ? ಹದಿನಾಲ್ಕು ವರ್ಷದ ಹಿಂದೆ ಇಸ್ತ್ರಿ ಮಾಡುವಾಗ ಅವರ ಅಂಗಿಯೊಂದು ಸುಟ್ಟಿತ್ತು. ಇವತ್ತಿಗೂ ನೆಂಟರೆದುರು ಅಂಗಿಯ ಮಾತು ಬಂದರೆ ಅದರ ಕತೆ ಬರುತ್ತಿತ್ತು. ಅಲ್ಲದೆ, ಇನ್ನೊಂದು ಮಾತೂ ಇತ್ತು, ಅದನ್ನು ಅವಳು ತನಗೆ ತಾನೇ ಹೇಳಿಕೊಳ್ಳಲೂ ನಾಚುತ್ತಿದ್ದಳು. ಕಚ್ಚಿ ನಿಲ್ಲುವ ಲಿವರೇ ಬಂದರೆ ಒಳ್ಳೆಯದಲ್ಲವೇ? ಟ್ಯೂಬಿನ ರಗಳೆಯೇ ಇರುವುದಿಲ್ಲ.

ಆಲೂಗಡ್ಡೆ ತಳ ಹಿಡಿಯಿತು. "ಏನೋ ಸೀಯ್ತಾ ಇದೆ!" ಎಂದು ಅಜ್ಜಿ ಕೂಗಿತು.

ರಜೆಯ ದಿನ ಸೊಸೆ ತಾನೇ ಶೆಡ್ಡಿಗೆ ಬಂದಳು. ಟ್ಯೂಬು ಆಗಲೇ ಕ್ಲಿಪ್ಪಿನ ಡಬ್ಬಿ ಸೇರಿತ್ತು. ಸೊಸೆ ಲಿವರು ಒತ್ತಿ ಕೈ ಬಿಟ್ಟಳು. ಒಳಗಿನ ಸ್ಪ್ರಿಂಗು ವರ್ಷಗಟ್ಟಲೆ ಎಳೆಸಿಕೊಂಡು ಯಾವಾಗಲೋ ಮುರಿದುಬಿದ್ದಿತ್ತೋ ಏನೋ, ಲಿವರು ಬಿಟ್ಟಲ್ಲೇ ಸೋಮಾರಿಯಂತೆ ಬಿದ್ದುಕೊಂಡಿತು. "ಹೌದು, ಅಲ್ಲೇ ನಿಲ್ಲುತ್ತೆ," ಎಂದು ಬರೆದುಕೊಂಡಳು. ಆಮೇಲೆ ಎಣ್ಣೆಯ ತೊಟ್ಟಿಯ ಮೇಲೆ ಅಂಗೈ ಇಟ್ಟು ಥಟ್ಟನೆ ತೆಗೆದಳು.

"ಅಬ್ಬಾ! ಇದ್ಯಾಕೆ ಅತ್ತೆ ಇಷ್ಟು ಕಾದಿದೆ? ಪಂಪು ಸುಮ್ಮಸುಮ್ಮನೆ ಒತ್ತುತ್ತಲೇ ಇದ್ದರೆ ಹೀಗೆ ಕಾಯೋದು. ನೀವು ಬೇಲು ಕಟ್ಟುವಾಗ ಲಿವರು ನಡುವೆ ತಂದಿಟ್ಟು ಕಟ್ಟುತ್ತೀರಾ, ಇಲ್ಲಾ ಕೆಳಗೇ ಇರುತ್ತಾ?"

"ತಗಡಿನ ಶೆಡ್ಡು. ಬಿಸಿಲಿಗೆ ಕಾದಿರುತ್ತೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ತಂತಿಯಮ್ಮನ ಕೈ ತಾನಾಗಿ ಕ್ಲಿಪ್ಪಿನ ಡಬ್ಬಿಯ ಕಡೆ ಹೋಯಿತು. ಸೊಸೆ ಅತ್ತ ನೋಡಲಿಲ್ಲ. ಮರುದಿನ ಬೆಳಿಗ್ಗೆ ಊಟದ ಡಬ್ಬಿ ಕಟ್ಟಿಸಿಕೊಳ್ಳುವಾಗ ಇನ್ನೊಂದು ಸಲ ಕೇಳಿದಳು. "ಅತ್ತೆ, ಇವತ್ತು ಆರ್ಡರ್ ಹಾಕ್ತೀನಿ. ಕೊನೇ ಸಲ ಕೇಳ್ತಿದೀನಿ. ಹಳೇದು ಸ್ಪ್ರಿಂಗಿನದಲ್ಲ ತಾನೇ?"

"ನಿಮ್ಮ ಮಾವ ಹೇಳಿದರಲ್ಲ," ಅಂದಳು ತಂತಿಯಮ್ಮ, ಡಬ್ಬಿಯ ಮುಚ್ಚಳ ಬೇಕಾದ್ದಕ್ಕಿಂತ ಜೋರಾಗಿ ಒತ್ತುತ್ತ.

ವಾಲ್ವು ಬಂತು. ಬೂದುಬಣ್ಣದ್ದು, ಎರಡು ಮುಷ್ಟಿ ಗಾತ್ರದ್ದು. ಎಣ್ಣೆರಾಯ ಹಳೆಯದನ್ನು ಬಿಚ್ಚಿ ಬಕೆಟ್ಟಿಗೆ ಎಸೆದು ಹೊಸದನ್ನು ಕೂರಿಸಿದ. ಲಿವರು ಒತ್ತಿದರೆ ಟಕ್ಕೆಂದು ಕಚ್ಚಿಕೊಳ್ಳುತ್ತಿತ್ತು. ಹಲಗೆ ಇಳಿದು ರಟ್ಟನ್ನು ಅಪ್ಪಚ್ಚಿ ಮಾಡಿ ಹಿಡಿದು ನಿಂತಿತು, ರಟ್ಟಿನಪ್ಪನಿಗೂ ಅಲುಗಾಡಲು ಬಿಡಲಿಲ್ಲ. ಮೊದಲ ದಿನವೇ ಐದು ಬೇಲು, ಮೂರನೆಯ ದಿನ ಏಳು. ಯಜಮಾನರು ತಕ್ಕಡಿಯ ಬಳಿ ಬಂದ ಗಾಡಿಯವರಿಗೆಲ್ಲ, "ನಮ್ಮ ಸೊಸೆ ಆರಿಸಿದ್ದು. ಏನು ತಿಳ್ಕೊಂಡಿದೀರಿ?" ಎಂದು ಹೇಳತೊಡಗಿದರು. ಊಟದ ಹೊತ್ತಿಗೆ ಸೊಸೆಯ ತಟ್ಟೆಗೆ ತಾವೇ ಎರಡು ಹೋಳು ಹೆಚ್ಚಿಗೆ ಬಡಿಸಿದರು. ತಂತಿಯಮ್ಮ ಕ್ಲಿಪ್ಪಿನ ಡಬ್ಬಿಯಿಂದ ಟ್ಯೂಬು ತೆಗೆದು ಕಸಕ್ಕೆ ಹಾಕಿದಳು. ಒಂದು ಸುಳ್ಳು ಯಾರಿಗೂ ತೊಂದರೆ ಕೊಡದೆ ಮುಗಿಯಿತಲ್ಲ ಎಂದು ನಿಟ್ಟುಸಿರು ಬಿಟ್ಟಳು. ಆದರೂ ಲಿವರು ಟಕ್ಕೆಂದಾಗಲೆಲ್ಲ ಅವಳಿಗೆ ಏನೋ ಒಂಥರಾ ಆಗುತ್ತಿತ್ತು.

ನಾಲ್ಕನೇ ವಾರ ಒಂದು ಮಧ್ಯಾಹ್ನ. ಹಲಗೆ ಅದುಮಿ ನಿಂತಿತ್ತು, ಮೂರು ತಂತಿ ಬಿಗಿದಾಗಿತ್ತು. ನಾಲ್ಕನೆಯದಕ್ಕೆ ಕೈ ಹಾಕುವಷ್ಟರಲ್ಲಿ ಕರೆಂಟು ಹೋಯಿತು. ಮೋಟಾರು ಉಸಿರೆಳೆದು ಸುಮ್ಮನಾಯಿತು. ಒತ್ತುವ ಪಂಪಿಲ್ಲದೆ ರಟ್ಟು ಮೆಲ್ಲಮೆಲ್ಲನೆ ಎದ್ದು, ಹಲಗೆ ಅಂಗೈಯಗಲ ಮೇಲೆ ಹೋಯಿತು. ಹೋದರೆ ಹೋಗಲಿ, ಕರೆಂಟು ಬರುವವರೆಗೆ ಕೈಕಟ್ಟಿ ಕೂರುವುದೇಕೆ ಎಂದು ತಂತಿಯಮ್ಮ ಇಕ್ಕಳ ಹಿಡಿದು, ಮೊಣಕೈವರೆಗೂ ಸೀಳುಗಂಡಿಯೊಳಗೆ ತೂರಿಸಿ, ಒಳಗೆ ಸಿಕ್ಕಿಕೊಂಡಿದ್ದ ತಂತಿಯ ತುದಿಯನ್ನು ಎಳೆಯತೊಡಗಿದಳು.

"ಏ ಇವಳೇ!" ಅಜ್ಜಿ ಒಳಗಿನಿಂದ ಕೂಗಿತು. "ಚಹಾ ಮಾಡ್ತೀಯೋ, ಇಲ್ಲಾ ನಾನೇ ಎದ್ದು ಬಿದ್ದು ಕಾಲು ಮುರ್ಕೊಳ್ಳಲೋ?"

ತಂತಿಯಮ್ಮನ ಮೈಯೆಲ್ಲ ಉರಿಯಿತು. ಇಕ್ಕಳವನ್ನು ಅಲ್ಲೇ ಬಿಟ್ಟು ಕೈ ಹೊರಗೆಳೆದು, ಸೊಂಟದ ಮೇಲಿಟ್ಟುಕೊಂಡು, "ಒಂದು ಗಳಿಗೆ ತಡ್ಕೊಳ್ಳೋಕಾಗಲ್ವಾ ನಿಮಗೆ? ನನಗಿರೋದು ಎರಡೇ ಕೈ!" ಎಂದು ಕಿರುಚಿದಳು.

ಕಿರುಚಿ ಮುಗಿಯಿತೋ ಇಲ್ಲವೋ, ಕರೆಂಟು ಬಂತು. ಸ್ವಿಚ್ಚು ಹಾಕಿದಂತೆಯೇ ಇತ್ತು. ಲಿವರು ಕೆಳಗೆ ಕಚ್ಚಿಕೊಂಡೇ ಇತ್ತು. ಮೋಟಾರು ಗುಂಯ್ ಎಂದಿತು, ಹಲಗೆ ಧಡ್ ಎಂದು ಇಳಿಯಿತು, ಒಳಗಿನಿಂದ ಇಕ್ಕಳ ಒಂದು ಸಲ ಕಿರ್ರೆಂದಿತು.

ಅವಳು ಓಡಿಹೋಗಿ ಸ್ವಿಚ್ಚು ಆರಿಸಿದಳು. ಆಮೇಲೆ ನೆಲದ ಮೇಲೆ ಕುಸಿದು ಕೂತು, ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದೇ ಬೆರಳು ಮುಟ್ಟಿ ನೋಡಿದಳು. ಹತ್ತೂ ಇದ್ದವು. ಅಳು ಬಂತು. ಅಜ್ಜಿ ಒಳಗಿನಿಂದ ಮತ್ತೆ ಚಹಾ ಕೇಳಿತು. ತಂತಿಯಮ್ಮ ಎದ್ದು ಹೋಗಿ ಆ ಮುದುಕಿಯ ಕೆನ್ನೆ ಹಿಡಿದು ಮುತ್ತು ಕೊಟ್ಟಳು. "ಇದೇನೇ, ಹುಚ್ಚು ಹಿಡೀತಾ?" ಎಂದಿತು ಅಜ್ಜಿ.

ಅವತ್ತು ಊಟದ ಮೇಜಿನ ಮೇಲೆ, ಅನ್ನದ ಪಾತ್ರೆಯ ಪಕ್ಕ, ಬಗ್ಗಿ ತಟ್ಟೆಯಂತಾದ ಇಕ್ಕಳ ಕೂತಿತ್ತು. ಶೆಡ್ಡಿನಲ್ಲಿ ನಡೆದದ್ದನ್ನು ಕೇಳಿ ತಂದಿಟ್ಟವರು ಯಜಮಾನರು.

"ಇದು ಇವಳ ಕೈ ಆಗಬೇಕಿತ್ತು," ಅಂದರು. ಹೆದರಿಕೆಯಾದಾಗ ಅವರಿಗೆ ಸಿಟ್ಟು ಬರುತ್ತಿತ್ತು, ಸಿಟ್ಟು ಬಂದಾಗ ಎದುರಿಗೆ ಸಿಕ್ಕವರ ಮೇಲೆ ಹೋಗುತ್ತಿತ್ತು. "ಈ ವಾಲ್ವು ಆರಿಸಿದ್ದು ಯಾರು?"

ಸೊಸೆಯ ಮುಖ ಬಿಳಿಚಿತು. "ನಾನೇ ಮಾವ. ಆದರೆ ನೀವು ಹೇಳಿದ್ದು..."

"ನಾನು ಹೇಳಿದ್ದು! ನಿನಗೆ ಗೊತ್ತಿರಬೇಕೋ ಬೇಡವೋ? ದೊಡ್ಡದಾಗಿ ಫಾರಮ್ಮು ತಂದು ಹರಡಿದೆ. ಇನ್ನು ಆ ಅಂಗಡಿಗೆ ಹೋಗೋದು ಬೇಡ. ಮನೆಯವರ ಕೈ ಕತ್ತರಿಸೋ ಸಾಮಾನು ಆರಿಸೋಕೆ ಕಲಿತವಳು ಹೊರಗಿನವರಿಗೆ ಇನ್ನೇನು ಆರಿಸಿಕೊಡ್ತೀಯ?"

"ಅಪ್ಪಾ," ಅಂದ ಮಗ.

"ನೀನು ಸುಮ್ಮನಿರು."

ಮಗ ಸುಮ್ಮನಾದ. ಸೊಸೆ ಗಂಡನ ಮುಖ ನೋಡಿದಳು, ಆಮೇಲೆ ಅತ್ತೆಯ ಮುಖ ನೋಡಿದಳು. ತಂತಿಯಮ್ಮ ತಟ್ಟೆ ನೋಡುತ್ತಿದ್ದಳು. ಹೇಳಬೇಕು, ಈಗಲೇ ಹೇಳಬೇಕು ಎಂದುಕೊಂಡಳು. ಆದರೆ ಈ ತುತ್ತು ನುಂಗಿದ ಮೇಲೆ ಹೇಳೋಣ, ಈ ನೀರು ಕುಡಿದ ಮೇಲೆ ಹೇಳೋಣ ಎನ್ನುತ್ತ ಊಟವೇ ಮುಗಿದುಹೋಯಿತು. ಅಜ್ಜಿ ಕೈ ತೊಳೆಯುತ್ತ, "ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ," ಎಂದು ಯಾರಿಗೆಂದು ತಿಳಿಯದಂತೆ ಹೇಳಿತು.

ಮರುದಿನ ಸೊಸೆ ಕೆಲಸಕ್ಕೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಬಟ್ಟೆ ಒಗೆದಳು, ಪಾತ್ರೆ ತೊಳೆದಳು, ಕೇಳಿದ್ದಕ್ಕೆ ಹೂಂ, ಉಹೂಂ ಅಂದಳು. ಅಂಗಡಿಯಿಂದ ಎರಡು ಸಲ ಫೋನು ಬಂತು. ಮೈ ಹುಷಾರಿಲ್ಲ ಎಂದು ಸುಳ್ಳು ಹೇಳಿದಳು. ಪ್ರೆಸ್ಸು ನಿಂತಿತ್ತು, ರಟ್ಟು ಶೆಡ್ಡು ತುಂಬಿ ಹಿತ್ತಿಲಿಗೆ ಬಂದಿತ್ತು. ಮನೆಯಲ್ಲಿ ಎಲ್ಲರೂ ಕಾಲ ಕೆಳಗೆ ಕೆಂಡವಿದ್ದವರ ಹಾಗೆ ಓಡಾಡುತ್ತಿದ್ದರು. ಮೂರನೆಯ ಬೆಳಿಗ್ಗೆ ತಂತಿಯಮ್ಮ ಅಭ್ಯಾಸಬಲದಿಂದ ಊಟದ ಡಬ್ಬಿ ತುಂಬಿ ಮುಚ್ಚಳ ಹಾಕಿದಳು. ಸೊಸೆ ಬಂದು ಅದನ್ನು ನೋಡಿದಳು, ಮುಚ್ಚಳ ತೆಗೆದಳು, ಅನ್ನವನ್ನು ಮಾತಿಲ್ಲದೆ ಪಾತ್ರೆಗೆ ವಾಪಸು ಸುರಿದಳು. ಡಬ್ಬಿ ತೊಳೆದು ಅಟ್ಟದ ಮೇಲೆ, ಇಡ್ಲಿ ಪಾತ್ರೆಗಳ ಹಿಂದೆ, ಇನ್ನು ಬೇಡವೆನ್ನುವ ಹಾಗೆ ಇಟ್ಟಳು.

ತಂತಿಯಮ್ಮನಿಗೆ ಅಷ್ಟು ಸಾಕಾಯಿತು.

"ರೀ," ಎಂದು ಬೀದಿ ಕಡೆ ಕೂಗಿದಳು. "ಒಳಗೆ ಬನ್ನಿ. ತಕ್ಕಡಿ ಓಡಿಹೋಗಲ್ಲ, ಬನ್ನಿ. ಲೋ ಮಗಾ, ನೀನೂ ಬಾ."

ಅವರು ಬಂದು ನಿಂತರು. ಅವಳು ಒಂದೇ ಉಸಿರಿಗೆ ಎಲ್ಲ ಹೇಳಿದಳು. ಪ್ರೆಸ್ಸು ಕೂರಿಸಿದವನು ಹೇಳಿದ್ದು, ತಾನು ಕತ್ತರಿಸಿದ ಟ್ಯೂಬು, ಕ್ಲಿಪ್ಪಿನ ಡಬ್ಬಿ, ಬಿಸಿಲಿಗೆ ಕಾದಿದೆ ಎಂದ ಸುಳ್ಳು. "ಹಳೇದು ಸ್ಪ್ರಿಂಗಿನದೇ. ತಾನಾಗಿ ನಡುವಿಗೆ ಬರ್ತಿತ್ತು. ನಾನೇ ಕಟ್ಟಿ ಕಟ್ಟಿ ಅದನ್ನ ಸಾಯಿಸಿದ್ದು. ಈ ಹುಡುಗಿ ಕೇಳಿದ್ದಕ್ಕೆ ಸರಿಯಾದ ಉತ್ತರ ಬಂದಿದ್ದರೆ ಸರಿಯಾದ್ದೇ ತರ್ತಿದ್ದಳು. ತಪ್ಪು ಅವಳದಲ್ಲ, ನಂದು. ಬೈಯೋದಾದರೆ ನನ್ನ ಬೈಯಿರಿ."

"ಅಯ್ಯೋ, ಆ ಟ್ಯೂಬು ಮೆಷಿನಿಂದಲ್ವಾ?" ಅಂದ ಮಗ. ಬಾಯಿ ತೆರೆದದ್ದು ಹಾಗೇ ಉಳಿಯಿತು.

ಯಜಮಾನರು ಕುರ್ಚಿ ಎಳೆದು ಕೂತರು. "ಒಂಬತ್ತು ವರ್ಷ... ಒಂದು ಮಾತು ಹೇಳಬಾರದಿತ್ತೇನೇ ನೀನು?"

"ಹೇಳಿದ್ದೆ. ಲಿವರು ಹಿಡಿಯೋಕೆ ಒಂದು ಕೈ ಬೇಕು ಅಂತ. ನೀವು ತಕ್ಕಡಿ ಅಂದಿರಿ."

ಅತ್ತೆ ತನ್ನ ಪರವಾಗಿ ಇಷ್ಟು ಮಾತಾಡಿದ್ದಕ್ಕೆ ಸೊಸೆ ಕರಗಿ ನೀರಾಗುತ್ತಾಳೆಂದು ಯಾರಾದರೂ ತಿಳಿದಿದ್ದರೆ ಅವರಿಗೆ ಸೊಸೆ ಗೊತ್ತಿಲ್ಲ. ಅವಳು ಬಾಗಿಲ ಬಳಿ ನಿಂತು ಕೆಂಪಗಾಗಿದ್ದಳು.

"ಮೂರು ಸಲ ಕೇಳಿದೆ ಅತ್ತೆ," ಅಂದಳು. "ಮೂರು ಸಲ. ಅಲ್ಲಿ ಗಿರಾಕಿಗಳು ಸುಳ್ಳು ಹೇಳ್ತಾರೆ ಅಂತ ನಾನು ಎರಡೆರಡು ಸಲ ವಿಚಾರಿಸ್ತೀನಿ. ಮನೆಯವರು ಅಂತ ನಿಮ್ಮನ್ನ ನಂಬಿದೆ. ಆ ದಿನ ಅಜ್ಜಿ ಕೂಗದೆ ಇದ್ದಿದ್ದರೆ? ನಾನು ಆರಿಸಿದ ವಾಲ್ವಿಗೆ ನಿಮ್ಮ ಕೈ ಹೋಗ್ತಿತ್ತು. ನಾನು ಅದನ್ನ ಸಾಯೋತನಕ ಹೊತ್ಕೊಂಡು ತಿರುಗಬೇಕಿತ್ತು. ನೀವು ಆಗಲೂ ಸುಮ್ಮನಿರ್ತಿದ್ರಾ?"

"ಗೊತ್ತಿಲ್ಲ ಕಣಮ್ಮ," ಅಂದಳು ತಂತಿಯಮ್ಮ. ಅದು ನಿಜವಾಗಿತ್ತು.

"ಮತ್ತೆ, ಬೇಲು ಕಟ್ಟುವಾಗ ಹಲಗೆ ಮೇಲೇಳುತ್ತೆ ಅನ್ನೋದಷ್ಟೇ ತೊಂದರೆ ಆಗಿದ್ದರೆ, ಅದಕ್ಕೆ ಅಂತಲೇ ಒಂದು ಲಾಕು ಸಿಗುತ್ತೆ! ಮುಷ್ಟಿಯಷ್ಟಿರುತ್ತೆ. ಸ್ಪ್ರಿಂಗಿನ ವಾಲ್ವಿನ ಜತೆ ಅದನ್ನ ಹಾಕಿದರೆ ಲಿವರು ನಡುವೆ ಇದ್ದರೂ ಎಣ್ಣೆ ವಾಪಸ್ ಬರಲ್ಲ, ಹಲಗೆ ಒಂದು ಕೂದಲೆಳೆ ಅಲುಗಾಡಲ್ಲ. ಯಾರೂ ಹಿಡಿಯೋದೂ ಬೇಡ, ಕಟ್ಟೋದೂ ಬೇಡ. ಒಂದು ಮಾತು ಹೇಳಿದ್ದರೆ ಸಾಕಿತ್ತು." ಈಗ ಅವಳಿಗೂ ಅಳು ಬಂತು. ಸಿಟ್ಟಿನ ಅಳು. ಅಟ್ಟದಿಂದ ಡಬ್ಬಿ ಎಳೆದುಕೊಂಡಳು, ಅನ್ನ ತುಂಬಿಕೊಂಡಳು, ಚೀಲ ಹೆಗಲಿಗೇರಿಸಿದಳು.

"ನಾನು ಕೆಲಸಕ್ಕೆ ಹೋಗ್ತಿದೀನಿ ಮಾವ."

"ಹೋಗಲಿ ಬಿಡೋ, ದಾರಿ ಬಿಡು," ಎಂದಿತು ಅಜ್ಜಿ, ಯಜಮಾನರು ದಾರಿಗೆ ಅಡ್ಡವಿಲ್ಲದಿದ್ದರೂ.

ಒಂಬತ್ತು ದಿನ ಸೊಸೆ ಅತ್ತೆಯೊಡನೆ ಬೇಕಾದಷ್ಟೇ ಮಾತಾಡಿದಳು. ಪ್ರಶ್ನೆಗಳನ್ನು ಮಾತ್ರ ಬಿಡದೆ ಕೇಳಿದಳು. ತರಕಾರಿ ಹೆಚ್ಚುವಾಗ, ಬಟ್ಟೆ ಮಡಚುವಾಗ. ಎಷ್ಟು ಹೊತ್ತು ಅದುಮಿ ಹಿಡೀಬೇಕು, ಯಾವ ತಂತಿ ಮೊದಲು, ಕೈ ಎಲ್ಲಿಯವರೆಗೆ ಒಳಗೆ ಹೋಗುತ್ತೆ. ತಂತಿಯಮ್ಮ ಒಂದನ್ನೂ ಮುಚ್ಚಿಡದೆ ಹೇಳಿದಳು. ಯಾರೂ ಅವಳನ್ನು ಅವಳ ಕೆಲಸದ ಬಗ್ಗೆ ಅಷ್ಟು ವಿವರವಾಗಿ ಕೇಳಿದ್ದೇ ಇರಲಿಲ್ಲ. ಹೇಳುತ್ತ ಹೇಳುತ್ತ ಅವಳಿಗೇ ಆಶ್ಚರ್ಯವಾಗುತ್ತಿತ್ತು, ತನಗೆ ಇಷ್ಟೆಲ್ಲ ಗೊತ್ತಿದೆಯಲ್ಲ ಎಂದು.

ಹತ್ತನೆಯ ದಿನ ಎಣ್ಣೆರಾಯ ಬಂದು ಕಚ್ಚುವ ವಾಲ್ವು ಬಿಚ್ಚಿ, ಸ್ಪ್ರಿಂಗಿನದನ್ನೂ ಲಾಕನ್ನೂ ಕೂರಿಸಿದ. ಕರೆಂಟು ಬಂದಾಗ ಮೋಟಾರು ತಾನಾಗಿ ಓಡದಂತೆ ತಡೆಯುವ ಸ್ಟಾರ್ಟರು ಮುಂದಿನ ವಾರ ಬರುವುದಿತ್ತು. ಶೆಡ್ಡಿನಲ್ಲಿ ಮನೆಯವರೆಲ್ಲ ಸೇರಿದ್ದರು. ಅಜ್ಜಿಗೂ ಒಂದು ಸ್ಟೂಲು ಹಾಕಿದ್ದರು. ಸೊಸೆ ರಟ್ಟು ತುಂಬಿಸಿ ಲಿವರು ಒತ್ತಿದಳು, ಹಲಗೆ ಇಳಿದು ಅದುಮಿತು. ಕೈ ಬಿಟ್ಟಳು. ಲಿವರು ಜಿಗಿದು ನಡುವಿಗೆ ಬಂತು. ಹಲಗೆ ಇದ್ದಲ್ಲೇ ಇತ್ತು. ಎಲ್ಲರೂ ಕಣ್ಣು ಕೀಳದೆ ನೋಡಿದರು. ಐದು ನಿಮಿಷ, ಹತ್ತು ನಿಮಿಷ, ಕೂದಲೆಳೆಯಷ್ಟೂ ಏಳಲಿಲ್ಲ. ಆಮೇಲೆ ಸೀಳುಗಂಡಿಯೊಳಗೆ ಪೊರಕೆಯ ಕೋಲು ತೂರಿಸಿ, "ಸ್ವಿಚ್ಚು ಆರಿಸಿ, ಮತ್ತೆ ಹಾಕಿ," ಎಂದು ಗಂಡನಿಗೆ ಹೇಳಿದಳು. ಮಗ ಆರಿಸಿದ, ಹಾಕಿದ. ಮೋಟಾರು ಗುಂಯ್ ಎಂದಿತು. ಕೋಲಿಗೆ ಏನೂ ಆಗಲಿಲ್ಲ. ಮೂರು ಸಲ ಮಾಡಿದರು. ಮೂರು ಸಲವೂ ಏನೂ ಆಗಲಿಲ್ಲ.

"ಸರಿ ಹೋಯ್ತಲ್ಲ," ಯಜಮಾನರು ಕೈ ಉಜ್ಜಿಕೊಂಡರು. "ತಗೋ, ಇನ್ನು ಶುರು ಮಾಡು. ರಟ್ಟು ಬೆಟ್ಟದ ಹಾಗೆ ಬಿದ್ದಿದೆ."

ತಂತಿಯಮ್ಮ ತಂತಿ ಹಿಡಿದು ಹಲಗೆಯ ಮುಂದೆ ನಿಂತಳು. ಕೈ ಮುಂದೆ ಹೋಗಲಿಲ್ಲ. ಅವಳಿಗೆ ತನ್ನ ಮೇಲೇ ನಾಚಿಕೆಯಾಯಿತು.

"ಏನಾಯ್ತು? ಕೋಲಿಗೆ ಏನೂ ಆಗಲಿಲ್ಲವಲ್ಲ, ನೋಡಿದೆಯಲ್ಲ," ಅಂದರು ಯಜಮಾನರು.

ಅವಳು ತಿರುಗಿದಳು. "ಕೋಲಿಗೆ ಆಗಲಿಲ್ಲ. ನೀವು ಕೈ ಹಾಕಿ ನೋಡಿ."

"ನಾನಾ?"

"ನೀವೇ."

ಎಣ್ಣೆರಾಯ ಸ್ಪ್ಯಾನರನ್ನು ಬಟ್ಟೆಯಿಂದ ಒರೆಸಿದ್ದನ್ನೇ ಒರೆಸತೊಡಗಿದ. ಯಜಮಾನರು ಸೊಸೆಯ ಕಡೆ ನೋಡಿದರು. "ಹೆದರಬೇಡಿ ಮಾವ, ನಾನೇ ಆರಿಸಿದ್ದು," ಅಂದಳು ಸೊಸೆ, ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ. ಅಜ್ಜಿಯ ಕಡೆ ನೋಡಿದರು. "ನನ್ನ ಮುಖ ಏನು ನೋಡ್ತೀಯೋ? ಹಾಕು," ಎಂದಿತು ಅಜ್ಜಿ.

ಯಜಮಾನರು ಅಂಗಿಯ ತೋಳು ಮಡಚಿದರು. ಮಡಚಿದ್ದು ಸಾಲದೆ ಇನ್ನೊಂದು ಸುತ್ತು ಮಡಚಿದ್ದರಲ್ಲಿ ಸ್ವಲ್ಪ ಹೊತ್ತು ಕಳೆಯಿತು. ಹಣೆಯ ಮೇಲೆ ಬೆವರು ಮೂಡಿತು. ಹಲಗೆಯ ಮುಂದೆ ಬಗ್ಗಿ, ಬೆರಳು ಹಾಕಿ, ಮಣಿಕಟ್ಟು ಹಾಕಿ, ಕಣ್ಣು ಮುಚ್ಚಿ ಮೊಣಕೈವರೆಗೂ ತೂರಿಸಿದರು.

"ಹಾಕೋ ಸ್ವಿಚ್ಚು," ಅಂದರು.

ಮಗ ಅಮ್ಮನ ಮುಖ ನೋಡಿದ. ಅವಳು ತಲೆಯಾಡಿಸಿದಳು. ಅವನು ಆರಿಸಿ ಹಾಕಿದ. ಮೋಟಾರು ಗುಂಯ್ ಎಂದಿತು. ಯಜಮಾನರ ಬೆನ್ನು ಒಮ್ಮೆ ಜುಮ್ಮೆಂದು ಸೆಟೆಯಿತು. ಹಲಗೆ ಅಲುಗಾಡಲಿಲ್ಲ.

ಅವರು ಕಣ್ಣು ತೆರೆದರು. ಕೈ ಮಾತ್ರ ಒಳಗೇ ಇತ್ತು. ಒಳಗೆ ಬೆರಳಾಡಿಸಿದರು, ಒಂದು ಕಡೆ ಉಕ್ಕು, ಒಂದು ಕಡೆ ರಟ್ಟು, ನಡುವೆ ಒಂದು ಮುಷ್ಟಿ ತಿರುಗಿಸಲೂ ಜಾಗವಿಲ್ಲ. ಮುಖದ ಬಣ್ಣ ನಿಧಾನವಾಗಿ ಬದಲಾಯಿತು.

"ಇಷ್ಟು ಇಕ್ಕಟ್ಟಾ ಇಲ್ಲಿ?" ಅಂದರು.

"ಹನ್ನೊಂದು ವರ್ಷದಿಂದ ಅಷ್ಟೇ ಇದೆ," ಅಂದಳು ತಂತಿಯಮ್ಮ.

ಅವರು ಕೈ ತೆಗೆಯಲಿಲ್ಲ. ತಂತಿಯಮ್ಮ ಒಂದು ಗಳಿಗೆ ಅವರನ್ನು ನೋಡಿದಳು. ಆಮೇಲೆ ಕೈಲಿದ್ದ ತಂತಿಯನ್ನು ಸೀಳುಗಂಡಿಯೊಳಗೆ, ಅವರ ಬೆರಳಿಗೆ ತಾಗುವವರೆಗೂ ತೂರಿಸಿ, ತಾನು ಸುತ್ತಿಹೋಗಿ ಪ್ರೆಸ್ಸಿನ ಆಚೆ ಬದಿಗೆ ನಿಂತಳು.

"ಹೇಗಿದ್ದರೂ ಕೈ ಒಳಗಿದೆಯಲ್ಲ," ಅಂದಳು. "ಆ ತುದಿ ಹಿಡಿದು ಈ ಕಡೆ ತಳ್ಳಿ."